ಚಳಿಗಾಲದ ಗಾಲ್ಫ್: ಯಾವುದು ಮರಳುತ್ತದೆ, ಯಾವುದು ಮರಳದು?

ಗಾಲ್ಫ್ ನಮ್ಮ ಶಾಲಾ ಬಯಲಿನ ಆಟವಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಕೋಲ್ಕತ್ತದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಅದಕ್ಕಿಂತಲೂ ಹಳೆಯದು, 1829ರದು. ಆದರೂ ಈ ಆಟವನ್ನು ಬೇಲಿಯಾಚೆ ನಿಂತು ನೋಡಿದವರೇ ನಮ್ಮಲ್ಲಿ ಹೆಚ್ಚು. ಹಾಗಿದ್ದ ಮೇಲೆ ವಿಜ್ಞಾನದ ಪತ್ರಿಕೆಯಲ್ಲಿ ಗಾಲ್ಫಿನ ಮಾತೇಕೆ ಎಂದು ನೀವು ಕೇಳಬಹುದು.

ಗಾಲ್ಫ್ ಆಟಗಾರನ ಚೀಲವನ್ನೊಮ್ಮೆ ಬಿಚ್ಚಿ ನೋಡಿ. ಅದರಲ್ಲಿ ರಬ್ಬರಿದೆ, ಉಕ್ಕಿದೆ, ಟೈಟೇನಿಯಂ ಇದೆ, ಇಂಗಾಲದ ಎಳೆಗಳಿಂದ ಮಾಡಿದ ಕೋಲಿದೆ, ಎಪಾಕ್ಸಿ ಅಂಟು ಇದೆ. ಚೀಲವನ್ನು ಹೊತ್ತೊಯ್ಯುವ ಪುಟ್ಟ ವಾಹನದಲ್ಲಿ ಸೀಸ ಮತ್ತು ಗಂಧಕಾಮ್ಲ ಇವೆ. ಕಾಲ ಕೆಳಗೆ ಜೀವಂತ ಹುಲ್ಲಿದೆ. ಆಡುವವನ ಮೈಯಲ್ಲಿ ಸ್ನಾಯುಗಳಿವೆ. ಸ್ಕಾಟ್‌ಲೆಂಡ್, ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳಂಥ ಕಡೆ ಚಳಿಗಾಲ ಬಂದಾಗ ಇವೆಲ್ಲವೂ ಒಟ್ಟಿಗೆ ತಣ್ಣಗಾಗುತ್ತವೆ. ಆದರೆ ಒಂದೊಂದೂ ಒಂದೊಂದು ಬಗೆಯಲ್ಲಿ ಬದಲಾಗುತ್ತದೆ. ತಾಪವೊಂದೇ ಇಳಿದಾಗ ಇಷ್ಟು ಬಗೆಯ ವಸ್ತುಗಳು ಏನಾಗುತ್ತವೆ ಎಂದು ಒಂದೇ ಕಡೆ ನೋಡಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಆ ದೇಶಗಳ ಆಟಗಾರರ ನಡುವೆ ಚಳಿಗಾಲದ ಸಲಹೆಗಳಿಗೆ ಬರವಿಲ್ಲ. ಚೆಂಡನ್ನು ಬೆಚ್ಚಗಿಡಿ, ಕೋಲಿಗೆ ಎಣ್ಣೆ ಸವರಿ, ಚೀಲವನ್ನು ಕಾರಿನಲ್ಲಿ ಬಿಡಬೇಡಿ, ಬ್ಯಾಟರಿ ತುಂಬಿಸಿಡಿ, ಇಬ್ಬನಿಯ ಹುಲ್ಲು ತುಳಿಯಬೇಡಿ ಎಂದು ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಯಾವುದು ಮುಖ್ಯ, ಯಾವುದು ಅಷ್ಟೇನೂ ಮುಖ್ಯವಲ್ಲ ಎಂದು ತೀರ್ಮಾನಿಸುವುದು ಹೇಗೆ? ಪ್ರೌಢಶಾಲೆಯಲ್ಲಿ ನೀವು ಕಲಿಸುವ ಅಥವಾ ಕಲಿತ ಒಂದು ಪ್ರಶ್ನೆಯೇ ಇಲ್ಲಿ ಸಾಕು: ಈ ಬದಲಾವಣೆ ಮರಳಿ ಮೊದಲಿನಂತಾಗುವಂಥದೋ, ಮರಳದಂಥದೋ?

ಮೊದಲು ಅದು ಚಳಿಗಾಲದ ಆಟವೇ

ಸೋಜಿಗದ ಸಂಗತಿಯೆಂದರೆ, ಸ್ಕಾಟ್‌ಲೆಂಡಿನಲ್ಲಿ ಗಾಲ್ಫ್ ಹಿಂದೆ ಬಹುಮಟ್ಟಿಗೆ ಚಳಿಗಾಲದ ಆಟವೇ ಆಗಿತ್ತು. ಬೇಸಿಗೆಯಲ್ಲಿ ಹುಲ್ಲು ಎತ್ತರಕ್ಕೆ ಬೆಳೆದು ಚೆಂಡು ಕಾಣೆಯಾಗುತ್ತಿತ್ತು. ಅದನ್ನು ಮೇಯಲು ಕುರಿಗಳಿದ್ದವೇ ಹೊರತು ಕತ್ತರಿಸಲು ಯಂತ್ರಗಳಿರಲಿಲ್ಲ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದ. ಅಂಥ ಯಂತ್ರಗಳು ಬಳಕೆಗೆ ಬಂದ ಮೇಲೆ ಬೇಸಿಗೆಯ ಆಟ ಸುಲಭವಾಯಿತು.

ಆಗಿನ ಚೆಂಡುಗಳಿಗೂ ಚಳಿಗೂ ಹೊಂದಾಣಿಕೆ ಇರಲಿಲ್ಲ. ಹಕ್ಕಿಯ ಗರಿಗಳನ್ನು ತೊಗಲಿನೊಳಗೆ ಗಿಡಿದು ಹೊಲಿದ ಚೆಂಡು ನೀರು ತಾಗಿದರೆ ಭಾರವಾಗುತ್ತಿತ್ತು, ಹೊಲಿಗೆ ಬಿಡುತ್ತಿತ್ತು. 1848ರ ಸುಮಾರಿಗೆ ಗಟಾಪರ್ಚ ಎಂಬ ಮರದ ಹಾಲಿನಿಂದ ಮಾಡಿದ ಚೆಂಡು ಬಂತು. ಗಟಾಪರ್ಚ ಮತ್ತು ಸಹಜ ರಬ್ಬರು ಎರಡೂ ಐಸೊಪ್ರೀನ್ ಎಂಬ ಒಂದೇ ಘಟಕದ ಸರಪಳಿಗಳು. ರಬ್ಬರಿನಲ್ಲಿ ಘಟಕಗಳು 'ಸಿಸ್' ವಿನ್ಯಾಸದಲ್ಲಿವೆ, ಗಟಾಪರ್ಚದಲ್ಲಿ 'ಟ್ರಾನ್ಸ್' ವಿನ್ಯಾಸದಲ್ಲಿವೆ. ಇಷ್ಟು ವ್ಯತ್ಯಾಸದಿಂದಲೇ ಒಂದು ಹಿಗ್ಗುವ ವಸ್ತು, ಇನ್ನೊಂದು ಗಡಸು ವಸ್ತು. ಗಟಾಪರ್ಚ ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ಆದ್ದರಿಂದ ಜಜ್ಜಿಹೋದ ಚೆಂಡನ್ನು ಬಿಸಿನೀರಿನಲ್ಲಿ ಅದ್ದಿ ಮತ್ತೆ ಉಂಡೆ ಕಟ್ಟಬಹುದಾಗಿತ್ತು. ಆದರೆ ಕಡುಚಳಿಯಲ್ಲಿ ಅದು ಪೆಡಸಾಗಿ ಹೊಡೆತಕ್ಕೆ ಚೂರಾಗುತ್ತಿತ್ತು. ಚೆಂಡು ಒಡೆದರೆ ಅದರ ದೊಡ್ಡ ಚೂರು ಬಿದ್ದ ಜಾಗದಿಂದ ಹೊಸ ಚೆಂಡಿನಲ್ಲಿ ಆಟ ಮುಂದುವರಿಸಬೇಕೆಂಬ ನಿಯಮವೂ ಇತ್ತು!

ಮೆತ್ತಗಾಗಿ ಗಟ್ಟಿಯಾಗುವುದು ಮರಳುವ ಬದಲಾವಣೆ. ಚೂರಾಗುವುದು ಮರಳದ ಬದಲಾವಣೆ. ಒಂದೇ ಚೆಂಡಿನಲ್ಲಿ ಎರಡೂ ಇದ್ದವು.

ಚೆಂಡಿಗೆ ಚಳಿಯಾದರೆ

ಇಂದಿನ ಚೆಂಡಿನ ತಿರುಳು ಪಾಲಿಬ್ಯುಟಡೈಈನ್ ಎಂಬ ಕೃತಕ ರಬ್ಬರು. ಅದರ ಮೇಲೆ ಅಯಾನೊಮರ್ ಅಥವಾ ಪಾಲಿಯುರಿಥೇನ್ ಹೊದಿಕೆ. ನಿಯಮದ ಪ್ರಕಾರ ಚೆಂಡು 45.93 ಗ್ರಾಮಿಗಿಂತ ಭಾರವಾಗಿರಬಾರದು, ಅದರ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು.

ನುರಿತ ಆಟಗಾರ ಕೋಲನ್ನು ಬೀಸಿದಾಗ ಅದರ ತಲೆ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಬಂದು ಚೆಂಡಿಗೆ ಬಡಿಯುತ್ತದೆ. ಚೆಂಡು ಸೆಕೆಂಡಿಗೆ 70 ಮೀಟರಿಗೂ ಮಿಕ್ಕ ವೇಗದಲ್ಲಿ ಹೊರಡುತ್ತದೆ. ಇವೆರಡೂ ಒಂದಕ್ಕೊಂದು ತಾಗಿರುವ ಕಾಲವೆಷ್ಟು ಗೊತ್ತೆ? ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. ಅಷ್ಟರೊಳಗೆ ಚೆಂಡು ಚಪ್ಪಟೆಯಾಗಿ ಮತ್ತೆ ದುಂಡಗಾಗಬೇಕು. ದುಂಡಗಾಗುವಾಗ ಅದು ಕೋಲಿನ ತಲೆಯನ್ನು ಹಿಂದಕ್ಕೆ ತಳ್ಳಿ ತಾನು ಮುಂದಕ್ಕೆ ಚಿಮ್ಮುತ್ತದೆ. ಈ ಮರಳುವಿಕೆ ತಡವಾದರೆ ಕೋಲು ಕೊಟ್ಟ ಶಕ್ತಿಯಲ್ಲಿ ಹೆಚ್ಚಿನ ಪಾಲು ಚೆಂಡಿನೊಳಗೇ ಉಷ್ಣವಾಗಿ ಕಳೆದುಹೋಗುತ್ತದೆ.

ತಣ್ಣಗಾದ ರಬ್ಬರಿನಲ್ಲಿ ಆಗುವುದು ಇದೇ. ರಬ್ಬರಿನ ಉದ್ದನೆಯ ಅಣು ಸರಪಳಿಗಳು ಹುರಿ ಬಿಚ್ಚಿಕೊಂಡು ಮತ್ತೆ ಸುರುಳಿಯಾಗುವುದರಿಂದ ಅದಕ್ಕೆ ಪುಟಿಯುವ ಗುಣ ಬಂದಿದೆ. ತಾಪ ಇಳಿದಂತೆ ಸರಪಳಿಗಳ ಚಲನೆ ಮಂದವಾಗುತ್ತದೆ.

ರಬ್ಬರಿನ ಈ ಮಾಂದ್ಯವನ್ನು ಜಗತ್ತಿಗೆಲ್ಲ ಎತ್ತಿ ತೋರಿಸಿದವರು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್. 1986ರ ಜನವರಿ 28ರಂದು ಚಾಲೆಂಜರ್ ವ್ಯೋಮನೌಕೆ ಉಡಾವಣೆಯ ಬೆನ್ನಿಗೇ ನಾಶವಾಗಿ ಏಳು ಮಂದಿ ಮಡಿದರು. ಆ ಬೆಳಗ್ಗೆ ಉಡಾವಣಾ ನೆಲೆಯಲ್ಲಿ ಅಪರೂಪದ ಚಳಿ ಇತ್ತು. ತನಿಖಾ ಆಯೋಗದ ಸದಸ್ಯರಾಗಿದ್ದ ಫೈನ್‌ಮನ್, ಫೆಬ್ರವರಿ 11ರ ಬಹಿರಂಗ ವಿಚಾರಣೆಯಲ್ಲಿ ರಾಕೆಟ್ಟಿನ ಸಂದು ಮುಚ್ಚುವ ರಬ್ಬರು ಉಂಗುರದ ತುಂಡನ್ನು ಹಿಡಿಕೆಯಲ್ಲಿ ಅದುಮಿ, ಮಂಜುಗಡ್ಡೆ ಹಾಕಿದ ನೀರಿನ ಲೋಟದಲ್ಲಿ ಅದ್ದಿದರು. ಹೊರತೆಗೆದು ಹಿಡಿಕೆ ಸಡಿಲಿಸಿದಾಗ ರಬ್ಬರು ಕೂಡಲೇ ಮೊದಲಿನ ಆಕಾರಕ್ಕೆ ಮರಳಲಿಲ್ಲ. ಅಲ್ಲಿ ಪ್ರಾಣಗಳು ಹೋದವು, ಗಾಲ್ಫಿನಲ್ಲಿ ಕೆಲವು ಮೀಟರ್ ದೂರವಷ್ಟೇ ಹೋಗುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಅದುಮಿದ ರಬ್ಬರು ಎಷ್ಟು ಬೇಗ ಮರಳುತ್ತದೆ?

ಹಾಗಾದರೆ ಚೆಂಡನ್ನು ಬೆಚ್ಚಗೆ ಮಾಡಿ ಆಡಬಹುದಲ್ಲ? ಆಡುವಂತಿಲ್ಲ. ಗುಣ ಬದಲಾಗುವಂತೆ ಬೇಕೆಂದೇ ಕಾಯಿಸಿದ ಚೆಂಡಿನಿಂದ ಹೊಡೆಯುವುದನ್ನು ಗಾಲ್ಫ್ ನಿಯಮ ನಿಷೇಧಿಸುತ್ತದೆ. ಆದರೆ ಚೆಂಡುಗಳನ್ನು ಕಾರಿನ ಡಿಕ್ಕಿಯಲ್ಲಿ ಬಿಡದೆ ಹಿಂದಿನ ರಾತ್ರಿ ಮನೆಯೊಳಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. 'ಹಿಂದಿನ ರಾತ್ರಿ' ಎಂದದ್ದಕ್ಕೂ ಕಾರಣವಿದೆ. ರಬ್ಬರು ಉಷ್ಣದ ಮಂದವಾಹಕ. ಚಳಿ ಹಿಡಿದ ಚೆಂಡು ಕೋಣೆಯ ಗಾಳಿಯಲ್ಲಿ ತಿರುಳಿನವರೆಗೂ ಬೆಚ್ಚಗಾಗಲು ಒಂದೆರಡು ಗಂಟೆ ಬೇಕು. ಐದು ನಿಮಿಷ ಜೇಬಿನಲ್ಲಿಟ್ಟರೆ ಬೆಚ್ಚಗಾಗುವುದು ಬಹುಮಟ್ಟಿಗೆ ಸಿಪ್ಪೆ ಮಾತ್ರ.

ಚಳಿಯಿಂದ ಕಳೆದುಹೋದ ಪುಟಿತ ಬೆಚ್ಚಗಾದೊಡನೆ ಮರಳುತ್ತದೆ. ಆದರೆ ತಿಂಗಳುಗಟ್ಟಲೆ ಕೆರೆಯ ತಳದಲ್ಲಿದ್ದ ಚೆಂಡಿನ ಕತೆ ಬೇರೆ. ಹೊದಿಕೆಯ ಮೂಲಕ ನೀರು ಮೆಲ್ಲನೆ ಒಳಸೇರಿ ತಿರುಳಿನ ಗುಣವನ್ನೇ ಕೆಡಿಸಬಹುದು. ಹೀಗೆ ಕೆಟ್ಟ ಚೆಂಡನ್ನು ಬೆಚ್ಚಗಿಟ್ಟು ಮೊದಲಿನಂತೆ ಮಾಡಲಾಗುವುದಿಲ್ಲ.

ಮಾಡಿ ನೋಡಿ

ಗಾಲ್ಫ್ ಚೆಂಡು ಬೇಕಾಗಿಲ್ಲ. ಒಂದೇ ಬಗೆಯ ಎರಡು ಗಟ್ಟಿ ರಬ್ಬರು ಚೆಂಡುಗಳು ಸಾಕು. ಒಂದನ್ನು ಫ್ರಿಜ್ಜಿನ ಮಂಜಿನ ಅರೆಯಲ್ಲಿ ಮೂರು ಗಂಟೆ ಇಡಿ. ಗೋಡೆಗೆ ಅಳತೆಪಟ್ಟಿ ಅಂಟಿಸಿ ಎರಡೂ ಚೆಂಡುಗಳನ್ನು 100 ಸೆಂಟಿಮೀಟರ್ ಎತ್ತರದಿಂದ ಸಿಮೆಂಟ್ ನೆಲದ ಮೇಲೆ ಬೀಳಬಿಡಿ. ಪ್ರತಿ ಚೆಂಡಿಗೂ ಐದು ಸಲ ಅಳೆದು ಸರಾಸರಿ ತೆಗೆಯಿರಿ. ಪುಟಿದ ಎತ್ತರವನ್ನು ಬಿಟ್ಟ ಎತ್ತರದಿಂದ ಭಾಗಿಸಿ ವರ್ಗಮೂಲ ತೆಗೆದರೆ ಪುಟಿತದ ಗುಣಾಂಕ ಸಿಗುತ್ತದೆ. ಉದಾಹರಣೆಗೆ ಚೆಂಡು 64 ಸೆಂಟಿಮೀಟರ್ ಪುಟಿದರೆ ಗುಣಾಂಕ 0.8, 49 ಸೆಂಟಿಮೀಟರ್ ಪುಟಿದರೆ 0.7. ತಣ್ಣನೆಯ ಚೆಂಡನ್ನು ಮೇಜಿನ ಮೇಲಿಟ್ಟು ಹತ್ತು ನಿಮಿಷಕ್ಕೊಮ್ಮೆ ಅಳತೆ ಮಾಡಿ. ಕಾಲಕ್ಕೆ ಎದುರಾಗಿ ಗುಣಾಂಕದ ನಕ್ಷೆ ಎಳೆದರೆ, ಚೆಂಡು ಮರಳುವ ಹಾದಿಯೇ ನಿಮ್ಮ ಕಣ್ಣೆದುರು ಮೂಡುತ್ತದೆ.

ಗಾಳಿಯೂ ದಟ್ಟವಾಗುತ್ತದೆ

ಚೆಂಡಿನ ದೂರ ಕುಗ್ಗಲು ಪುಟಿತವೊಂದೇ ಕಾರಣವಲ್ಲ. ಒತ್ತಡ ಒಂದೇ ಇದ್ದರೆ ಅನಿಲದ ಸಾಂದ್ರತೆ ಅದರ ನಿರಪೇಕ್ಷ ತಾಪಕ್ಕೆ ವಿಲೋಮಾನುಪಾತದಲ್ಲಿರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಎಂದರೆ 303 ಕೆಲ್ವಿನ್, ಸೊನ್ನೆ ಡಿಗ್ರಿ ಎಂದರೆ 273 ಕೆಲ್ವಿನ್. 303ನ್ನು 273ರಿಂದ ಭಾಗಿಸಿದರೆ 1.11. ಅಂದರೆ ಸೊನ್ನೆ ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಶೇಕಡ 11ರಷ್ಟು ದಟ್ಟ. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 1.16 ಕಿಲೋಗ್ರಾಂ ಇದ್ದರೆ ಸೊನ್ನೆಯಲ್ಲಿ 1.29 ಕಿಲೋಗ್ರಾಂ ಇರುತ್ತದೆ.

ಸಾಂದ್ರತೆ ಹೆಚ್ಚಿದರೆ ಚೆಂಡನ್ನು ಹಿಂದಕ್ಕೆಳೆಯುವ ಬಲವೂ ಹೆಚ್ಚುತ್ತದೆ. ಹಿಮ್ಮುಖವಾಗಿ ತಿರುಗುತ್ತ ಹೋಗುವ ಚೆಂಡನ್ನು ಮೇಲೆತ್ತುವ ಬಲವೂ ಹೆಚ್ಚುತ್ತದೆ. ಈ ಎತ್ತುಬಲದ ಗುಟ್ಟನ್ನು ಗಣಿತದಿಂದ ಬಿಡಿಸಿದವರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟ್ ಮೊದಲಿಗರು. 1890ರ ದಶಕದಲ್ಲಿ ಅವರು, ಗಾಲ್ಫ್ ಚೆಂಡು ಅಷ್ಟು ದೂರ ಹಾರಲು ಅದರ ಹಿಮ್ಮುಖ ತಿರುಗುವಿಕೆ ಕಾರಣವೆಂದು ತೋರಿಸಿದರು. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟನ್ನಿನ ಹವ್ಯಾಸಿ ಗಾಲ್ಫ್ ಚಾಂಪಿಯನ್ ಆಗಿದ್ದ. ಚಳಿಯ ದಿನ ಎಳೆಯುವ ಬಲದಿಂದಾಗುವ ನಷ್ಟವೇ ಮೇಲುಗೈ ಪಡೆದು ಚೆಂಡು ಬೇಗ ನೆಲ ಸೇರುತ್ತದೆ. ಆದ್ದರಿಂದ ಅನುಭವಿಗಳು ಚಳಿಯಲ್ಲಿ ಜೋರಾಗಿ ಬೀಸಲು ಹೋಗುವುದಿಲ್ಲ. ಒಂದು ಮೆಟ್ಟಿಲು ಹೆಚ್ಚು ದೂರ ಹೊಡೆಯುವ ಕೋಲನ್ನು ಆರಿಸಿಕೊಳ್ಳುತ್ತಾರೆ.

ಇಲ್ಲಿ ಬೆಂಗಳೂರಿನ ಆಟಗಾರನಿಗೊಂದು ಲಾಭವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು ಶೇಕಡ 10ರಷ್ಟು ಕಡಿಮೆ. ಸ್ಕಾಟ್‌ಲೆಂಡಿನ ಕಡಲಂಚಿನ ಸೊನ್ನೆ ಡಿಗ್ರಿಯ ಗಾಳಿ, ಬೆಂಗಳೂರಿನ 27 ಡಿಗ್ರಿಯ ಗಾಳಿಗಿಂತ ಐದನೇ ಒಂದು ಭಾಗಕ್ಕೂ ಹೆಚ್ಚು ದಟ್ಟ. ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಲಿ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತಿದ್ದಬಹುದು. ತೇವದ ಗಾಳಿ 'ಭಾರ' ಎಂದು ಹಲವರು ಹೇಳುತ್ತಾರೆ. ನೀರಿನ ಅಣುತೂಕ 18, ಗಾಳಿಯ ಸರಾಸರಿ ಅಣುತೂಕ ಸುಮಾರು 29. ಗಾಳಿಯ ಅಣುಗಳ ಜಾಗದಲ್ಲಿ ನೀರಾವಿಯ ಅಣುಗಳು ಸೇರಿದಾಗ ಗಾಳಿ ಸ್ವಲ್ಪ ಹಗುರವೇ ಆಗುತ್ತದೆ!

ಕೋಲಿನ ಶತ್ರು ಚಳಿಯಲ್ಲ, ನೀರು

ಗಾಲ್ಫ್ ಕೋಲಿನ ತಲೆ ಉಕ್ಕು ಅಥವಾ ಟೈಟೇನಿಯಮ್ಮಿನದು. ದಂಡ ಉಕ್ಕಿನದು ಅಥವಾ ಇಂಗಾಲದ ಎಳೆಗಳದು. ಚಳಿಗೆ ಲೋಹ ಕುಗ್ಗುತ್ತದೆ ಎಂದು ನಾವು ಪಾಠದಲ್ಲಿ ಹೇಳುತ್ತೇವೆ. ಎಷ್ಟು ಕುಗ್ಗುತ್ತದೆ? ಒಂದು ಮೀಟರ್ ಉದ್ದದ ಉಕ್ಕಿನ ದಂಡ 30 ಡಿಗ್ರಿ ತಣ್ಣಗಾದರೆ ಕುಗ್ಗುವುದು 0.36 ಮಿಲಿಮೀಟರ್ ಮಾತ್ರ. ಆಟಕ್ಕೆ ಅದರಿಂದ ಏನೂ ಆಗದು, ಬೆಚ್ಚಗಾದಾಗ ಅದೂ ಮರಳುತ್ತದೆ.

ನಿಜವಾದ ಹಾನಿ ಶುರುವಾಗುವುದು ಆಟಗಾರ ಮನೆಗೆ ಮರಳಿದಾಗ. 2 ಡಿಗ್ರಿಗೆ ತಣಿದ ಕೋಲನ್ನು 20 ಡಿಗ್ರಿ ತಾಪ ಮತ್ತು ಶೇಕಡ 50 ಸಾಪೇಕ್ಷ ಆರ್ದ್ರತೆ ಇರುವ ಕೋಣೆಗೆ ತಂದರೆಂದು ಭಾವಿಸಿ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 9 ಡಿಗ್ರಿ. ಕೋಲು ಅದಕ್ಕಿಂತ ತಣ್ಣಗಿರುವುದರಿಂದ ಗಾಳಿಯ ನೀರಾವಿ ಅದರ ಮೇಲೆ ಹನಿಯಾಗಿ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದೂ ಹೀಗೆಯೇ. ಕೋಲಿನ ತಲೆಗೆ ಟೋಪಿ ತೊಡಿಸಿ ಚೀಲ ಮುಚ್ಚಿಬಿಟ್ಟರೆ ಆ ನೀರು ಆರುವುದಿಲ್ಲ. ನೀರು ಮತ್ತು ಆಮ್ಲಜನಕ ಸೇರಿದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಉಪ್ಪು ಸೇರಿದರೆ ಇನ್ನೂ ಬೇಗ. ಸ್ಕಾಟ್‌ಲೆಂಡಿನ ಹೆಸರಾಂತ ಮೈದಾನಗಳು ಕಡಲ ಅಂಚಿನಲ್ಲಿವೆ. ಅಮೆರಿಕ, ಕೆನಡಾಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಎರಡೂ ಕಡೆ ಉಪ್ಪಿಗೆ ಕೊರತೆಯಿಲ್ಲ.

ಆದ್ದರಿಂದ ಮಾಡಬೇಕಾದದ್ದು ಸರಳ. ತಲೆಯ ಗೀರುಗಳಲ್ಲಿನ ಮಣ್ಣನ್ನು ಉಗುರುಬೆಚ್ಚನೆಯ ಸಾಬೂನು ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಒಣಬಟ್ಟೆಯಿಂದ ಒರೆಸಿ, ಟೋಪಿ ತೆಗೆದು, ಗಾಳಿಯಾಡುವಂತೆ ಇಡಬೇಕು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಲೋಹಲೇಪವಿಲ್ಲದ ಉಕ್ಕಿನ ತಲೆಗೆ ತೆಳುವಾಗಿ ಎಣ್ಣೆ ಸವರಬೇಕು. ಬೇಗ ಒಣಗಲೆಂದು ಹೀಟರಿನ ಪಕ್ಕ ಇಡುವುದು ತಪ್ಪು. ತಲೆಯನ್ನೂ ದಂಡವನ್ನೂ ಬೆಸೆದಿರುವ ಎಪಾಕ್ಸಿ ಅಂಟು ಅತಿ ಬಿಸಿಗೆ ಮೆದುವಾಗಿ ಹಿಡಿತ ಕಳೆದುಕೊಳ್ಳಬಹುದು.

ಹಿಡಿಕೆಯ ರಬ್ಬರಿಗೆ ಅಂಗೈಯ ಬೆವರು ಮತ್ತು ಜಿಡ್ಡು ಅಂಟಿರುತ್ತವೆ. ಅದನ್ನೂ ಸಾಬೂನು ನೀರಿನಿಂದ ತೊಳೆದು ಒರೆಸಿದರೆ ಹಿಡಿತ ಬಹುಪಾಲು ಮರಳುತ್ತದೆ. ಆದರೆ ಬಿಸಿಲು ಮತ್ತು ಓಜೋನ್ ರಬ್ಬರಿನ ಅಣು ಸರಪಳಿಗಳನ್ನೇ ಕಡಿದು ಬಿರುಕು ಮೂಡಿಸುತ್ತವೆ. ಕಿಡಿ ಹಾರಿಸುತ್ತ ತಿರುಗುವ ಕೆಲವು ವಿದ್ಯುತ್ ಮೋಟಾರುಗಳ ಬಳಿ ಓಜೋನ್ ಉಂಟಾಗುತ್ತದೆ. ಅಲ್ಲಿ ಚೀಲ ಇಡದಿರುವುದು ಲೇಸು. ಬಿರುಕು ಬಿಟ್ಟ ಹಿಡಿಕೆಯನ್ನು ಬದಲಿಸಬೇಕೇ ಹೊರತು ತೊಳೆದು ಪ್ರಯೋಜನವಿಲ್ಲ.

ಬ್ಯಾಟರಿ ಹೆಪ್ಪುಗಟ್ಟುವುದು ಯಾವಾಗ?

ಆಟಗಾರರನ್ನು ಮೈದಾನದ ತುಂಬ ಕರೆದೊಯ್ಯುವ ವಿದ್ಯುತ್ ವಾಹನಗಳಲ್ಲಿ ಹಲವಕ್ಕೆ ಸೀಸ-ಆಮ್ಲ ಬ್ಯಾಟರಿಗಳಿವೆ. ಚಳಿಗಾಲದಲ್ಲಿ ಅವು ತಿಂಗಳುಗಟ್ಟಲೆ ಸುಮ್ಮನೆ ನಿಲ್ಲುತ್ತವೆ. ಇಲ್ಲಿ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಬ್ಯಾಟರಿ ವಿದ್ಯುತ್ ಕೊಡುವಾಗ ಆಗುವ ಕ್ರಿಯೆಯನ್ನು ನೆನಪಿಸಿಕೊಳ್ಳಿ. ಸೀಸ, ಸೀಸದ ಡೈಆಕ್ಸೈಡ್ ಮತ್ತು ಗಂಧಕಾಮ್ಲ ಸೇರಿ ಸೀಸದ ಸಲ್ಫೇಟ್ ಮತ್ತು ನೀರು ಉಂಟಾಗುತ್ತವೆ. ಅಂದರೆ ಬ್ಯಾಟರಿ ಬರಿದಾದಂತೆ ಆಮ್ಲ ಖರ್ಚಾಗುತ್ತದೆ, ನೀರು ಹೆಚ್ಚುತ್ತದೆ. ಪೂರ್ತಿ ತುಂಬಿದ ಬ್ಯಾಟರಿಯ ದ್ರಾವಣದ ಸಾಪೇಕ್ಷ ಸಾಂದ್ರತೆ ಸುಮಾರು 1.27. ಅದು ಹೆಪ್ಪುಗಟ್ಟಲು ತಾಪ ಸೊನ್ನೆಗಿಂತ 50 ಡಿಗ್ರಿಗೂ ಕೆಳಗಿಳಿಯಬೇಕು. ಬರಿದಾದ ಬ್ಯಾಟರಿಯಲ್ಲಿ ಸಾಂದ್ರತೆ ಸುಮಾರು 1.12ಕ್ಕೆ ಇಳಿದಿರುತ್ತದೆ. ಅದು ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ಕೆನಡಾದ ಚಳಿಗಾಲಕ್ಕೆ ಅದೇನೂ ದೊಡ್ಡ ಚಳಿಯಲ್ಲ. ನೀರು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ದ್ರಾವಣ ಹೆಪ್ಪುಗಟ್ಟಿ ಹಿಗ್ಗಿದರೆ ಒಳಗಿನ ಫಲಕಗಳು ಬಾಗುತ್ತವೆ, ಹೊರಕವಚ ಸೀಳುತ್ತದೆ. ಇದು ಮರಳದ ಹಾನಿ.

ಇನ್ನೊಂದು ಹಾನಿಯೂ ಇದೆ. ಬರಿದಾಗಿಯೇ ಬಹುಕಾಲ ನಿಂತ ಬ್ಯಾಟರಿಯಲ್ಲಿ ಸೀಸದ ಸಲ್ಫೇಟಿನ ಹರಳುಗಳು ದಪ್ಪವಾಗಿ ಬೆಳೆದು ಮತ್ತೆ ಕ್ರಿಯೆಗೆ ಒದಗುವುದಿಲ್ಲ. ಆದ್ದರಿಂದ ಎತ್ತಿಡುವ ಮುನ್ನ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ದ್ರವಮಟ್ಟ ಕಡಿಮೆಯಿದ್ದರೆ ಬಟ್ಟಿ ಇಳಿಸಿದ ನೀರು ಹಾಕಿ, ತಂತಿಗಳ ಸಂಪರ್ಕ ತಪ್ಪಿಸಿಡಬೇಕು. ನಡುನಡುವೆ ಪರೀಕ್ಷಿಸಿ ಮತ್ತೆ ತುಂಬಿಸಬೇಕು. ತಂಪಿನಲ್ಲಿ ಬ್ಯಾಟರಿ ತಾನಾಗಿ ಬರಿದಾಗುವುದು ನಿಧಾನ. ಹೀಗಾಗಿ ತುಂಬಿದ ಬ್ಯಾಟರಿಗೆ ಚಳಿ ಒಂದು ರೀತಿಯಲ್ಲಿ ಮಿತ್ರನೇ! ಈಚೆಗೆ ಹಲವು ವಾಹನಗಳಿಗೆ ಲಿಥಿಯಂ ಅಯಾನು ಬ್ಯಾಟರಿ ಬಂದಿದೆ. ಅವುಗಳ ನಿಯಮ ಬೇರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಅವನ್ನು ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಫಲಕದ ಮೇಲೆ ಕೂತು ಬ್ಯಾಟರಿಯನ್ನು ಕೆಡಿಸಬಹುದು. ಮೊದಲು ಬೆಚ್ಚಗಾಗಲಿ, ಆಮೇಲೆ ಚಾರ್ಜ್.

ಆಮ್ಲ ಮುಟ್ಟದೆಯೇ ಈ ತತ್ತ್ವವನ್ನು ತರಗತಿಯಲ್ಲಿ ತೋರಿಸಬಹುದು. ಒಂದು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಬರಿನೀರು, ಇನ್ನೊಂದರಲ್ಲಿ ಕರಗುವಷ್ಟೂ ಉಪ್ಪು ಕರಗಿಸಿದ ನೀರು ತೆಗೆದುಕೊಂಡು ಫ್ರಿಜ್ಜಿನ ಮಂಜಿನ ಅರೆಯಲ್ಲಿ ಒಂದು ರಾತ್ರಿ ಇಡಿ. ಬರಿನೀರು ಗಡ್ಡೆಯಾಗಿರುತ್ತದೆ. ಉಪ್ಪುನೀರು ಬಹುಮಟ್ಟಿಗೆ ದ್ರವವಾಗಿಯೇ ಉಳಿದಿರುತ್ತದೆ.

ಹುಲ್ಲಿನ ಮೇಲೊಂದು ಹೆಜ್ಜೆ

ಮೋಡವಿಲ್ಲದ ರಾತ್ರಿ ಹುಲ್ಲು ತನ್ನ ಉಷ್ಣವನ್ನು ಆಕಾಶಕ್ಕೆ ಸೂಸುತ್ತದೆ. ಹೀಗಾಗಿ ಗಾಳಿ 2-3 ಡಿಗ್ರಿ ಇದ್ದಾಗಲೂ ಎಲೆಯ ತಾಪ ಸೊನ್ನೆಗಿಂತ ಕೆಳಗಿಳಿಯಬಹುದು. ಆಗ ಎಲೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಹರಡಿಕೊಳ್ಳುತ್ತದೆ. ಊಟಿಯ ಹುಲ್ಲುಗಾವಲುಗಳಲ್ಲಿ ಡಿಸೆಂಬರ್-ಜನವರಿಯ ಮುಂಜಾವಿನಲ್ಲಿ ಈ ನೋಟವನ್ನು ನಮ್ಮಲ್ಲೂ ಹಲವರು ಕಂಡಿದ್ದಾರೆ.

ಹೀಗೆ ಮಂಜುಗಟ್ಟಿದ ಎಲೆ ಬಿಸಿಲೇರಿದಾಗ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಮಂಜು ಕರಗುವ ಮುನ್ನ ಯಾರಾದರೂ ತುಳಿದರೆ ಪೆಡಸಾದ ಎಲೆಯ ಜೀವಕೋಶಗಳು ಒಡೆಯುತ್ತವೆ. ಆ ಕ್ಷಣಕ್ಕೆ ಏನೂ ಕಾಣದು. ಕೆಲವು ದಿನಗಳ ಮೇಲೆ ತುಳಿದವನ ಹೆಜ್ಜೆಗಳು ಕಂದು ಗುರುತುಗಳಾಗಿ ಮೂಡುತ್ತವೆ. ಚಳಿಯಲ್ಲಿ ಹುಲ್ಲು ಬೆಳೆಯದ ಕಾರಣ ಆ ಗಾಯ ವಾರಗಟ್ಟಲೆ ಮಾಯುವುದಿಲ್ಲ. ಅದಕ್ಕೇ ಅಂಥ ಬೆಳಗ್ಗೆ ಮಂಜು ಕರಗುವವರೆಗೆ ಆಟ ಶುರುಮಾಡಲು ಬಿಡುವುದಿಲ್ಲ. ಒಂದು ಗಂಟೆ ಕಾಯುವ ಕಿರಿಕಿರಿ ಆಟಗಾರನಿಗೆ. ಕಾಯದಿದ್ದರೆ ಒಂದು ಋತುವಿನ ನಷ್ಟ ಮೈದಾನಕ್ಕೆ. ಸ್ಕಾಟ್‌ಲೆಂಡಿನ ಹಲವು ಕಡೆ ಚಳಿಗಾಲದಲ್ಲಿ ಚೆಂಡನ್ನು ನೇರವಾಗಿ ಹುಲ್ಲಿನ ಮೇಲಿಂದ ಹೊಡೆಯದೆ ಪುಟ್ಟ ಚಾಪೆಯ ಮೇಲಿಟ್ಟು ಹೊಡೆಯುವ ಪದ್ಧತಿಯೂ ಇದೆ. ಕಿತ್ತುಹೋದ ಹುಲ್ಲು ಆಗ ಮತ್ತೆ ಬೆಳೆಯದು ಎಂಬುದೇ ಕಾರಣ.

ಅಮೆರಿಕದ ದಕ್ಷಿಣ ಭಾಗದ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವ ಬರ್ಮುಡಾ ಹುಲ್ಲು ಬೇರೇನೂ ಅಲ್ಲ, ಗಣೇಶನ ಪೂಜೆಗೆ ನಾವು ತರುವ ಗರಿಕೆಯ ಬಳಗದ್ದೇ. ಚಳಿ ಬಂದಾಗ ಅದು ಒಣಗಿದಂತೆ ಕಂದಾಗುತ್ತದೆ. ಸತ್ತಿರುವುದಿಲ್ಲ, ನಿದ್ರಿಸುತ್ತಿರುತ್ತದೆ. ವಸಂತದಲ್ಲಿ ಬುಡದಿಂದ ಮತ್ತೆ ಚಿಗುರುತ್ತದೆ. ಹಿಮಾಲಯದ ಗುಲ್ಮಾರ್ಗದಲ್ಲಂತೂ ಸುಮಾರು 2,650 ಮೀಟರ್ ಎತ್ತರದ ಗಾಲ್ಫ್ ಮೈದಾನ ಚಳಿಗಾಲದಲ್ಲಿ ಹಿಮದಡಿ ಮಲಗಿರುತ್ತದೆ.

ಮೈ ಮತ್ತು ಕೈಪಳಗ

ಇನ್ನು ಆಡುವವನ ಮಾತು. ಚಳಿಯಲ್ಲಿ ದೇಹ ತನ್ನ ಒಳಭಾಗದ ತಾಪ ಕಾಪಾಡಲು ಬೆರಳುಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ನರಗಳಲ್ಲಿ ಸಂದೇಶ ಸಾಗುವ ವೇಗವೂ ತಗ್ಗುತ್ತದೆ. ಬೆರಳು ಜೋಮು ಹಿಡಿದಂತಾಗಿ ಹಿಡಿತದ ಅಂದಾಜು ಸಿಗುವುದಿಲ್ಲ. ತಣ್ಣಗಿರುವ ಸ್ನಾಯು ನಿಧಾನವಾಗಿ ಸಂಕೋಚಿಸುತ್ತದೆ. ಇವೆಲ್ಲ ಬೆಚ್ಚಗಾದರೆ ಮರಳುವಂಥವು. ಆದರೆ ಮೈ ಬೆಚ್ಚಗಾಗುವ ಮುನ್ನವೇ ಸೊಂಟ ತಿರುಚಿ ಪೂರ್ಣ ಬಲದಿಂದ ಬೀಸಿದರೆ ಬೆನ್ನಿನ ಸ್ನಾಯು ಹರಿಯಬಹುದು. ಅದೂ ಮಾಯುತ್ತದೆ ನಿಜ, ವಾರಗಟ್ಟಲೆ ನೋವು ತಿಂದ ಮೇಲೆ. ಹತ್ತು ನಿಮಿಷ ಚುರುಕಾದ ನಡಿಗೆ, ಬಳಿಕ ಸಣ್ಣ ಬೀಸು, ಆಮೇಲೆ ದೊಡ್ಡ ಬೀಸು ಎಂಬ ಕ್ರಮವನ್ನು ತಪ್ಪಿಸಬಾರದು. ಒಂದು ದಪ್ಪ ಕೋಟಿಗಿಂತ ಎರಡು ಮೂರು ತೆಳು ಉಡುಪು ಮೇಲು. ಪದರಗಳ ನಡುವೆ ಸಿಕ್ಕಿದ ಗಾಳಿ ಉಷ್ಣವನ್ನು ತಡೆಯುತ್ತದೆ, ತೋಳೂ ಸಲೀಸಾಗಿ ಆಡುತ್ತದೆ.

ಹೊರಗೆ ಹಿಮ ಸುರಿಯುವಾಗ ಅಭ್ಯಾಸ ಮನೆಯೊಳಗೆ. ಕುಳಿಯ ವ್ಯಾಸ 108 ಮಿಲಿಮೀಟರ್, ಅಂದರೆ ತ್ರಿಜ್ಯ 54 ಮಿಲಿಮೀಟರ್. 3 ಮೀಟರ್ ದೂರದಿಂದ ಚೆಂಡನ್ನು ಉರುಳಿಸಿದರೆ ಕುಳಿಯ ನಡುವಿನಿಂದ ಅಂಚಿಗೆ ಇರುವ ಕೋನ ಎಷ್ಟು? 54ನ್ನು 3,000ದಿಂದ ಭಾಗಿಸಿ ಸ್ಪರ್ಶಕದ ಕೋಷ್ಟಕ ನೋಡಿದರೆ ಸುಮಾರು 1 ಡಿಗ್ರಿ! ಒಂದು ಡಿಗ್ರಿಯೊಳಗೆ ಗುರಿ ನಿಲ್ಲಿಸುವುದನ್ನು ಕೋಣೆಯ ಜಮಖಾನದ ಮೇಲೆ ಚೆನ್ನಾಗಿ ಕಲಿಯಬಹುದು. ಆದರೆ ಜಮಖಾನದ ಮೇಲಿನ ಉರುಳು ಘರ್ಷಣೆಗೂ ಹುಲ್ಲಿನ ಮೇಲಿನದಕ್ಕೂ ವ್ಯತ್ಯಾಸವಿದೆ. ಮನೆಯಲ್ಲಿ ಪಳಗಬೇಕಾದದ್ದು ದಿಕ್ಕು, ಬಲವಲ್ಲ. ವಾರಕ್ಕೊಮ್ಮೆ ಎರಡು ಗಂಟೆ ಅಭ್ಯಾಸ ಮಾಡುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಮಾಡುವುದು ಹೆಚ್ಚು ಉಳಿಯುತ್ತದೆ. ಮಗ್ಗಿ ಕಲಿಸುವ ಶಿಕ್ಷಕರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ದಕ್ಷಿಣ ಕೊರಿಯಾದಂಥ ದೇಶಗಳಲ್ಲಿ ಪರದೆಯ ಮುಂದೆ ಆಡುವ ಒಳಾಂಗಣ ಗಾಲ್ಫ್ ಜನಪ್ರಿಯವಾಗಿದೆ. ಕ್ಯಾಮೆರಾ ಅಥವಾ ಡಾಪ್ಲರ್ ತತ್ತ್ವದ ರೇಡಾರ್ ಚೆಂಡಿನ ವೇಗ, ದಿಕ್ಕು, ತಿರುಗುವಿಕೆಗಳನ್ನು ಅಳೆದು ಅದು ಎಷ್ಟು ದೂರ ಹೋಗುತ್ತಿತ್ತೆಂದು ಲೆಕ್ಕ ಹಾಕುತ್ತದೆ. ಅಲ್ಲಿ ಹೊಡೆದದ್ದು ಬೆಚ್ಚನೆಯ ಕೋಣೆಯ ಬೆಚ್ಚನೆಯ ಚೆಂಡನ್ನು ಎಂಬುದು ನೆನಪಿರಲಿ. ಹೊರಗೆ ಸೊನ್ನೆ ಡಿಗ್ರಿಯಲ್ಲಿ ಅದೇ ದೂರ ಸಿಗದಿದ್ದರೆ ಅದು ಆಟಗಾರನ ತಪ್ಪಲ್ಲ.

ನಮಗೇನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಣ್ಣಗಾದ ಚೆಂಡು, ದಟ್ಟವಾದ ಗಾಳಿ, ಕುಗ್ಗಿದ ಉಕ್ಕು, ಜೋಮು ಹಿಡಿದ ಬೆರಳು ಇವೆಲ್ಲ ತಾಪ ಏರಿದಾಗ ತಾವಾಗಿ ಮರಳುತ್ತವೆ. ಇವುಗಳ ಬಗ್ಗೆ ಚಿಂತಿಸುವ ಅಗತ್ಯವಿಲ್ಲ, ತಿಳಿದು ಹೊಂದಿಕೊಂಡರೆ ಸಾಕು. ತುಕ್ಕು, ಸೀಳಿದ ಬ್ಯಾಟರಿ, ಬಿರಿದ ಹಿಡಿಕೆ, ಒಡೆದ ಜೀವಕೋಶ ಇವು ಮರಳುವುದಿಲ್ಲ. ಕಾಳಜಿ, ಸಮಯ, ಹಣ ಎಲ್ಲವನ್ನೂ ವ್ಯಯಿಸಬೇಕಾದದ್ದು ಇಲ್ಲಿ. ಗಮನಿಸಿ: ಹೀಗೆ ಮರಳದ ಹಾನಿಗಳಲ್ಲಿ ಹೆಚ್ಚಿನವು ಬರಿ ಚಳಿಯಿಂದ ಆದವಲ್ಲ, ಚಳಿಯ ಜೊತೆ ನೀರೋ ಅವಸರವೋ ಅಲಕ್ಷ್ಯವೋ ಸೇರಿದಾಗ ಆದವು.

ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ ಮಲೆನಾಡಿನ ಮತ್ತು ಕರಾವಳಿಯ ಶಾಲೆಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಆಟದ ಕೋಣೆಯ ಗುಂಡು, ಡಂಬೆಲ್ಲುಗಳಿಗೆ ತುಕ್ಕು ಹಿಡಿಯುತ್ತದೆ. ಬೇಸಿಗೆ ರಜೆಯಲ್ಲಿ ಕಂಪ್ಯೂಟರ್ ಕೋಣೆಯ ಯುಪಿಎಸ್ ಬ್ಯಾಟರಿ ಬರಿದಾಗಿ ನಿಂತು ಜೂನ್‌ನಲ್ಲಿ ಕೈಕೊಡುತ್ತದೆ. ಮುಂದಿನ ರಜೆಗೆ ಬೀಗ ಹಾಕುವ ಮುನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಸುತ್ತು ಹೋಗಿ ಬನ್ನಿ. ಪ್ರತಿ ವಸ್ತುವಿನ ಮುಂದೆ ನಿಂತು ಅವರನ್ನು ಕೇಳಿ: ಇದಕ್ಕೆ ಈ ಎರಡು ತಿಂಗಳಲ್ಲಿ ಏನಾಗುತ್ತದೆ, ಆದದ್ದು ಮರಳುತ್ತದೆಯೆ? ಉತ್ತರ 'ಇಲ್ಲ' ಎಂದು ಬಂದ ಕಡೆ ಒಂದು ಒಣಬಟ್ಟೆ, ಒಂದು ತೊಟ್ಟು ಎಣ್ಣೆ ಅಥವಾ ಒಂದು ರಾತ್ರಿಯ ಚಾರ್ಜ್ ಸಾಕಾಗುತ್ತದೆ.